ಏರಿಗೆ ಮುಂಚೆ

ಎರ್ಸಿಲಿಯಾ ಅತ್ತೆಗೆ ಈಗ ಎರಡೂ ಕಿವಿ ಕೇಳಿಸುವುದಿಲ್ಲ.
ಪಕ್ಕದ ಸೀಟಿನಲ್ಲಿ ಕೂತು, ಬೂಟು ಬಿಚ್ಚಿ,
ಬರಿಯ ಅಂಗಾಲನ್ನು ತಗಡಿನ ನೆಲಕ್ಕೊತ್ತಿ
ಎಂಜಿನ್ನಿನ ಮಾತು ಆಲಿಸುತ್ತಾಳೆ.
ನಲವತ್ತೊಂದು ವರ್ಷ ಇದೇ ಪುಟ್ಟ ಫಿಯಟ್ಟಿನಲ್ಲಿ
ಬೆಟ್ಟದ ಏಳು ಹಳ್ಳಿಗೆ ಹೆರಿಗೆ ಮಾಡಿಸಲು ಹೋದವಳು.

ಎರಡೇ ಸಿಲಿಂಡರು, ಅವೂ ಬೆನ್ನ ಹಿಂದೆ.
ಹದಿನೆಂಟು ಕುದುರೆ ಎನ್ನುತ್ತದೆ ಹಳೆಯ ಕಾಗದ.
‘ನಾಲ್ಕು ಸತ್ತಿವೆ, ಎರಡಕ್ಕೆ ಕುಂಟು,
ಉಳಿದವನ್ನು ಗದರಬೇಡ, ಇಲೇನಿಯಾ.’

ಸುಲ್ಮೋನಾ ಹಿಂದಾಯಿತು. ಬಾದಾಮಿ ತೋಟ ಮುಗಿದು
ರಸ್ತೆ ಒಮ್ಮೆಲೇ ತಲೆಯೆತ್ತುವಲ್ಲಿ
ದನ ನೀರು ಕುಡಿಯುತ್ತಿದ್ದ ಕಲ್ಲುತೊಟ್ಟಿ.
‘ಇಲ್ಲೇ ತೀರ್ಮಾನಿಸು,’ ಅಂದಳು.
‘ಏರಿನ ನಡುವೆ ಯೋಚಿಸಿದವರು
ಏರಿನ ನಡುವೆಯೇ ಉಳಿದಿದ್ದಾರೆ.’

ನನಗೋ ಮೂರನೆಯದರ ಆಸೆ.
ಮೂರರಲ್ಲಿ ಕಾರು ತನ್ನ ವಯಸ್ಸು ಮರೆಯುತ್ತದೆ,
ತಲೆಯ ಮೇಲಿನ ಕ್ಯಾನ್ವಾಸು ಪಟಪಟ ಬಡಿಯುತ್ತದೆ,
ಹಿಂದೆ ಬರುವ ವ್ಯಾನಿಗೆ ನಾನು ಅಡ್ಡಿ ಅನ್ನಿಸುವುದಿಲ್ಲ.
ತೊಟ್ಟಿ ದಾಟಿತು. ನಾನು ಏನೂ ಮಾಡಲಿಲ್ಲ.

ಮೊದಲ ತಿರುವು ಹಾಗೂ ಹೀಗೂ.
ಎರಡನೆಯದರಲ್ಲಿ ದನಿ ಇಳಿಯಿತು,
ಕೆಮ್ಮಿಗೆ ಮುಂಚೆ ಎದೆ ಕಟ್ಟಿಕೊಳ್ಳುವ ಹಾಗೆ.
ನನಗೆ ಕೇಳಿಸುವ ಮೊದಲೇ
ಅತ್ತೆಯ ಹೆಬ್ಬೆರಳು ನೆಲದಿಂದ ಎದ್ದಿತ್ತು.

ಹಳೆಯ ಗೇರುಪೆಟ್ಟಿಗೆ; ಹಲ್ಲಿಗೆ ಹಲ್ಲು ತಾನಾಗಿ ಕೂಡದು.
ಕ್ಲಚ್ಚು ಒತ್ತು. ಕೋಲನ್ನು ನಡುವೆ ತಾ. ಕ್ಲಚ್ಚು ಬಿಡು.
ಯಾವ ಗೇರಿಗೂ ಸೇರದ ಆ ಅರೆಗಳಿಗೆಯಲ್ಲಿ
ಬಲಗಾಲಿನಿಂದ ಒಂದು ಚಿಟಿಕೆ ಪೆಟ್ರೋಲು.
ಮತ್ತೆ ಒತ್ತು. ಈಗ ಎರಡು.
ಹೊತ್ತು ಕೂಡಿಬಂದರೆ ಬೆಣ್ಣೆಗೆ ಇಳಿದ ಚಾಕು,
ತಪ್ಪಿದರೆ ಕಣಿವೆಯೆಲ್ಲ ತಿರುಗಿ ನೋಡುವ ಕರಕರ.

ಕಣಿವೆ ತಿರುಗಿ ನೋಡಿತು.
ಎಂಜಿನ್ನು ಸತ್ತಿತು. ಕೈಬ್ರೇಕು ಹಿಡಿಯುವಷ್ಟರಲ್ಲಿ
ಒಂದು ಗೇಣು ಹಿಂದೆ ಜಾರಿದೆವು.
ಬೋಳುತಲೆಯ ಮುದುಕನೊಬ್ಬ ಸೈಕಲ್ಲಿನಲ್ಲಿ
ಪಕ್ಕದಿಂದ ಏರಿ ಬಂದ; ಅವನೂ ಅಲ್ಲೇ
ಕಟಕ್ಕೆಂದು ಚೈನು ಇಳಿಸಿಕೊಂಡು
ನಮ್ಮತ್ತ ತಲೆಯಾಡಿಸಿ, ಮೇಲೆ ಹೋದ.

ವ್ಯಾನು ಹಾರ್ನು ಒದರುತ್ತಿತ್ತು.
ಅತ್ತೆಗೆ ಅದು ಕೇಳಿಸದು. ಕನ್ನಡಿಯಲ್ಲಿ ಕಂಡಿತು.
‘ಅವನು ದೊನಾತೊ. ಬ್ರೆಡ್ಡಿನವನು.
ಅವನ ತಾಯಿಗೆ ನೋವು ಬಂದ ರಾತ್ರಿ, ಹಿಮ.
ಇದೇ ತಿರುವಿನಲ್ಲಿ ನಾನೂ ಮೂರರಲ್ಲೇ ಬಂದೆ,
ಇಲ್ಲೇ ಉಸಿರು ಕಟ್ಟಿತು.
ಚೀಲ ಹೊತ್ತು ನಡೆದೆ. ಹೋಗುವಷ್ಟರಲ್ಲಿ
ಕೂಸು ಹೊರಗೆ ಬಂದು ಅಳುತ್ತಿತ್ತು,
ಅಜ್ಜಿ ಹೊಕ್ಕುಳಬಳ್ಳಿಗೆ
ಕುರಿಯ ತುಪ್ಪಟದ ಕತ್ತರಿ ಹಿಡಿದು ನಿಂತಿದ್ದಳು.
ಕಾಯುವುದನ್ನು ಅವನು ಆವತ್ತೂ ಕಲಿಯಲಿಲ್ಲ.’

ನಕ್ಕಳು. ನಕ್ಕಾಗ ಅವಳ ದನಿ
ಅಳತೆ ತಪ್ಪಿ ಜೋರಾಗುತ್ತದೆ, ಗೊತ್ತಾಗುವುದಿಲ್ಲ ಅವಳಿಗೆ.

ಮೊದಲನೆಯದಕ್ಕೆ ಹಾಕಿದೆ. ಕ್ಲಚ್ಚು ಬಿಡುತ್ತ, ಬಿಡುತ್ತ,
ಕಾರಿನ ಹಿಂಭಾಗ ಕೊಂಚ ಕುಸಿದು ಬಿಗಿಯಾದಾಗ
ಕೈಬ್ರೇಕು ಸಡಿಲಿಸಿದೆ.
ಆಮೇಲೆ ಎರಡು, ಕೊನೆಯವರೆಗೂ ಎರಡೇ.
ಜಾಲಿಹೂವು ಒಂದೊಂದಾಗಿ ಎಣಿಸುವಷ್ಟು ನಿಧಾನ.
ದೊನಾತೊ ಹಿಂದೆ ಇದ್ದ. ಇರಲಿ.
ಅತ್ತೆಯ ಬೆರಳುಗಳು ಹತ್ತೂ ನೆಲದ ಮೇಲಿದ್ದವು.

ಊರಿನ ಚೌಕದಲ್ಲಿ ಹಿಂದಿನ ಮುಚ್ಚಳ ತೆರೆದಿಟ್ಟೆ.
ಬಿಸಿ ಎಣ್ಣೆಯ ವಾಸನೆ, ಟಿಣ್ ಟಿಣ್ ಎಂದು ತಣಿಯುವ ಲೋಹ.
ಅವಳು ಅಂಗೈ ಇಟ್ಟು ನೋಡಿದಳು,
ಸುಡುವಷ್ಟಲ್ಲ, ಆದರೂ ಬೇಗ ತೆಗೆಯಲಿಲ್ಲ.

ದೊನಾತೊ ಒಂದು ಬ್ರೆಡ್ಡು ಕೊಟ್ಟು ಹೋದ, ದುಡ್ಡು ಕೇಳಲಿಲ್ಲ.
ಅತ್ತೆ ಅದನ್ನು ಮುರಿಯುತ್ತ, ಬಾಯಲ್ಲಿಟ್ಟುಕೊಂಡೇ ಅಂದಳು:
‘ಇಳಿಯುವಾಗಲೂ ಎರಡರಲ್ಲೇ, ಕೇಳಿತಾ?
ಇಳಿಜಾರಿನಲ್ಲಿ ಬ್ರೇಕು ನಂಬಬೇಡ.’
ಕೇಳಿತು ಎಂದೆ.
ಅವಳು ನನ್ನ ತುಟಿ ನೋಡಿ, ಇನ್ನೊಮ್ಮೆ ಹೇಳು ಅಂದಳು.