ಜೊಲ್

ಹದಿನಾಲ್ಕು ವರ್ಷದ ಹಿಂದೆ, ಜೂನ್ ಮೊದಲ ವಾರ,
ಸಿಂಧನೂರಿನಾಚೆ ಮೂರನೇ ಕ್ಯಾಂಪಿನ ಶಾಲೆಯಲ್ಲಿ
ಒಬ್ಬ ಹುಡುಗ ಎದ್ದು ನಿಂತು 'ಜೊಲ್' ಎಂದ.
ಸೆರಗಿನಿಂದ ಅವನ ಬಾಯಿ ಒರೆಸಿದೆ.
ಮತ್ತೆ 'ಜೊಲ್' ಎಂದ.
ಮತ್ತೆ ಒರೆಸಿದೆ. ಒಣಗಿದ ಬಾಯಿ.
ಹಿಂದಿನ ಸಾಲಿನ ಹುಡುಗಿ ನಗು ತಡೆಯಲಾರದೆ
ಬೊಗಸೆ ಮಾಡಿ ಕುಡಿದು ತೋರಿಸಿದಳು:
ನೀರು, ಟೀಚರ್, ನೀರು ಕೇಳ್ತಾನ.

ನಿಮಾಯ್ ಮಂಡಲ್ ಅವನ ಹೆಸರು.
ಬಂಗಾಲಿ ಮಕ್ಕಳಿಗೆ ಕನ್ನಡ ಕಲಿಸಲು ಹೋದವಳು
ಮೊದಲ ದಿನ ಒಂದು ಪದ ಕಲಿತು
ಐದೂವರೆ ಬಸ್ಸಿಗೆ ವಾಪಸು ಬಂದೆ.

ಆಮೇಲೆ ಕಲಿತದ್ದು ಬಹಳ:
ಅವರ ಅಜ್ಜಿಯರಿಂದ ಮೀನಿನ ಹೆಸರು,
ಕಾಲುವೆ ದಂಡೆಯ ತೆಲುಗರಿಂದ ಒಳ್ಳೊಳ್ಳೆ ಬೈಗುಳ,
ಖಾಜಾಬಿ ಅಂಗಡಿಯಲ್ಲಿ ನಾಚದೆ ಉದ್ರಿ ಕೇಳುವ ಮಾತು.
ಕಲಿಸಿದ್ದು? ಒತ್ತಕ್ಷರ.
'ಅಕ್ಕ'ನ ಕೆಳಗೆ ಇನ್ನೊಂದು ಕ ಯಾಕೆ ಜೋತುಬಿದ್ದಿದೆ
ಎಂದವರಿಗೆಲ್ಲ ಒಂದೊಂದು ಸುಳ್ಳು ಹೇಳುತ್ತಿದ್ದೆ.
ರಾತ್ರಿ ಆ ಸುಳ್ಳುಗಳೇ ಕಥೆಯಾಗುತ್ತಿದ್ದವು.

ಐದುನೂರು ಪ್ರತಿ ಅಚ್ಚಾಯಿತು.
ಮುನ್ನೂರ ಹನ್ನೆರಡು ಇನ್ನೂ ಮಂಚದ ಕೆಳಗಿವೆ.
ನಿಮಾಯನ ತಾಯಿ ಶೆಫಾಲಿ, ಮಗನಿಂದ ಓದಿಸಿ ಕೇಳಿ,
ಭತ್ತದ ಕೆಸರು ಕಾಲಲ್ಲೇ ಶಾಲೆಗೆ ಬಂದಿದ್ದಳು.
ಸಿಟ್ಟಿರಲಿಲ್ಲ.
"ಚೊಲೋ ಅದರಿ ಟೀಚರ್.
ಆದ್ರ ನಾ ಹಂಗ ಅಂದಿಲ್ರಿ."

ಯಾಕೆ ಬಿಟ್ಟಿ, ಇನ್ನೂ ಹದಿನಾರು ವರ್ಷ ಸರ್ವಿಸ್ ಇತ್ತಲ್ಲ,
ಎಂದು ಕೇಳುವವರಿಗೆ ಉತ್ತರ ಹಂಚಿಟ್ಟಿದ್ದೇನೆ.
ಹುಲಿಗೆಮ್ಮ ಟೀಚರಿಗೆ: ಮಂಡಿ ನೋವು.
ಮನೆಯವರಿಗೆ: ಬಸ್ಸಿನ ಅಲೆದಾಟ ತಪ್ಪಿತಲ್ಲ.
ತಮ್ಮನಿಗೆ ಪಗಾರದ ಲೆಕ್ಕ.
ಶೆಫಾಲಿಯ ಮಾತನ್ನು ಯಾರಿಗೂ ಹೇಳಿಲ್ಲ.

ಈಗ ಕೋರ್ಟಿನಲ್ಲಿ ಅನುವಾದಕಿ.
ಶಿರಸ್ತೇದಾರ್ ವಿರೂಪಣ್ಣ ಮೊದಲ ದಿನ ಕನ್ನಡಕ ಏರಿಸಿ ಹೇಳಿದರು:
"ಸಾಕ್ಷಿ ಏನಂದ ಅಷ್ಟ.
ಕೂಡಸಬ್ಯಾಡ್ರಿ, ಕಳೀಬ್ಯಾಡ್ರಿ."
ಬೇರೇನು ಕಲಿಸಿದ್ದೆ ನಾನು ಇಷ್ಟು ವರ್ಷ,
ಕೂಡಿಸುವುದು ಕಳೆಯುವುದು ಬಿಟ್ಟು?

ನಿನ್ನೆ ಕಟಕಟೆಯಲ್ಲಿ ಒಬ್ಬ ಮುದುಕ.
ತೂಬಿನ ಹತ್ತಿರ ಹೊಡೆದಾಟ, ಒಬ್ಬನ ಕೈ ಮುರಿದಿದೆ.
ಮೊದಲು ಹೊಡೆದವರಾರು?
'ಆಮಿ ಜಾನಿ ನಾ.'
ನನಗೆ ಗೊತ್ತಿಲ್ಲ, ಎಂದೆ.
ಹೇಳುವ ಮುನ್ನ ಅವನು ಬಾಗಿಲಲ್ಲಿ ನಿಂತ ಮಗನ
ಚಪ್ಪಲಿ ನೋಡಿದ್ದ, ಬಹಳ ಹೊತ್ತು.
ಅದು ಭಾಷೆಯಲ್ಲ. ಹೇಳಲಿಲ್ಲ.
ಒಳಗೆ ಮಾತ್ರ ಹಳೆಯ ಕಳ್ಳಿ
ಒಂದು ಕಥೆಯ ಮೊದಲ ಸಾಲು ಬರೆದುಬಿಟ್ಟಿದ್ದಳು.

ಜಗಳ ಯಾವುದಕ್ಕಾಗಿ?
ಮುದುಕ ನನ್ನತ್ತ ತಿರುಗಿದ.
'ಜೊಲ್.'
ಏನಂತೆ? ಎಂದರು ಜಡ್ಜ್.
ನೀರು, ಸ್ವಾಮಿ.
ಟೈಪಿಸ್ಟ್ ಟಕಟಕ ಹೊಡೆದ: ನೀರಿಗಾಗಿ ಜಗಳವಾಯಿತು ಎಂದು ನುಡಿದನು.
ಫ್ಯಾನು ತಿರುಗುತ್ತಿತ್ತು. ಮುದುಕ ತುಟಿ ಸವರಿಕೊಂಡ.
ನಾನು ಎದ್ದೆ:
"ತಪ್ಪಾಯಿತು ಸ್ವಾಮಿ. ಅದು ಉತ್ತರ ಅಲ್ಲ.
ಅವರಿಗೆ ಬಾಯಾರಿದೆ."

ಕೆಲವರು ನಕ್ಕರು. ಟೈಪಿಸ್ಟ್ ಆ ಸಾಲು ಅಳಿಸಿದ.
ಅಳಿಸಿದ್ದು ಸುಳ್ಳಾಗಿತ್ತೇ, ಈಗಲೂ ತಿಳಿಯದು.
ಮೇಜಿನ ಸ್ಟೀಲ್ ಲೋಟ ನಾನೇ ಒಯ್ದು ಕೊಟ್ಟೆ.
ಎತ್ತಿ ಹಿಡಿದು ಗಟಗಟ ಕುಡಿದ,
ಗಡ್ಡದ ಮೇಲೆ ಚೂರು ಚೆಲ್ಲಿಕೊಂಡ.
ನನ್ನ ಕೈ ಸೆರಗಿಗೆ ಹೋಗಿತ್ತು.
ಅಷ್ಟರಲ್ಲಿ ತನ್ನ ಹೆಗಲ ಗಮಛಾದಿಂದ
ಅವನೇ ಒರೆಸಿಕೊಂಡ.