ತಿದ್ದಿದ ಪುಟ

ಅಜ್ಜಿ ಜುರೆಮಾಳ ಪ್ರತಿಯಲ್ಲಿ
ನಂಬಿದವರು ಕೊನೆಗೆ ಬೆಳ್ಳಗಾಗುತ್ತಾರೆ.
ನನ್ನ ಪ್ರತಿಯಲ್ಲಿ ಶುದ್ಧರಾಗುತ್ತಾರೆ.
ಅದೇ ಅಧ್ಯಾಯ, ಅದೇ ವಚನ, ಅದೇ ನೀಲಿ ರಟ್ಟು.
ನಡುವೆ ಯಾರೋ ಕನ್ನಡಕ ಒರೆಸಿಕೊಂಡು
ಒಂದು ಪದ ಕಿತ್ತು ಇನ್ನೊಂದನ್ನು ಕೂರಿಸಿದ್ದಾರೆ,
ಹಲ್ಲು ಕಟ್ಟುವವರ ಹಾಗೆ, ನೋವಾಗದಂತೆ.

ಸೊರೊಕಾಬಾದ ಈ ಮನೆಗೆ
ಬಿಳಿ ಅಂಗಿ, ಕಪ್ಪು ಟೈನ ಇಬ್ಬರು ಹುಡುಗರು
ಉಟಾದಿಂದ ಬಂದದ್ದು ಅರವತ್ತೆಂಟರಲ್ಲಿ.
ಪೋರ್ಚುಗೀಸ್ ಅವರ ಬಾಯಲ್ಲಿ
ಬಿಸಿ ಮರಗೆಣಸಿನ ಹಾಗೆ ಹೊರಳುತ್ತಿತ್ತು.
ಕಾಫಿ ಕೊಟ್ಟರೆ ಬೇಡವೆಂದರು.
ಸತ್ತ ಮೇಲೂ ಸಂಸಾರ ಒಟ್ಟಿಗೇ ಇರುತ್ತದೆ ಎಂದರು.
ಆ ತಿಂಗಳಷ್ಟೇ ಕೂಸೊಂದನ್ನು ಮಣ್ಣು ಮಾಡಿದ್ದ ಅಜ್ಜಿ
ಅಲ್ಲಿಗೇ ಸೋತಳು.

ಆಮೇಲೆ ನೆಲ ನೋಡುತ್ತ ಕೇಳಿದರು:
ಮನೆಯವರ ಫೋಟೊಗಳಿದ್ದರೆ ತೋರಿಸುತ್ತೀರಾ?
ಮೆತ್ತಗೇ ಕೇಳಿದರಂತೆ.
ಇದನ್ನು ಅಜ್ಜಿ ಪ್ರತಿಸಲವೂ ಬಿಡದೆ ಹೇಳುತ್ತಾಳೆ.
ಆಲ್ಬಮ್ಮಿನಲ್ಲಿ ಹುಡುಗರ ಬೆರಳು
ಮೂಗಿನ ಮೇಲೆ, ತುಟಿಯ ಮೇಲೆ, ಗುಂಗುರು ಕೂದಲ ಮೇಲೆ
ದನ ಕೊಳ್ಳುವವರು ಸುಳಿ ನೋಡುವ ಹಾಗೆ
ನಿಂತು ನಿಂತು ಸಾಗಿತು.

ನೆರೆಯವಳು ಮೊದಲೇ ಕಿವಿಗೆ ಹಾಕಿದ್ದಳು.
ಹಿಂದಿನ ರಾತ್ರಿಯೇ ಅಜ್ಜಿ
ತನ್ನ ತಾಯಿಯ ತಾಯಿ ಬೆನೆದಿತಾಳನ್ನು,
ಕಾಫಿ ತೋಟದಲ್ಲಿ ಮಾರಾಟವಾದವರ ಮಗಳನ್ನು,
ಗುಲಾಬಿ ಚಿತ್ರದ ಚೌಕಟ್ಟಿನ ಹಿಂದೆ ಸೇರಿಸಿ
ಮೊಳೆ ಹೊಡೆದಿದ್ದಳು.

ಅಷ್ಟರಲ್ಲಿ ತಾತ ಅನೀಸಿಯೊ ಕೆಲಸದಿಂದ ಬಂದ,
ಮೈತುಂಬ ಸಿಮೆಂಟು, ರೆಪ್ಪೆಯೂ ಬೆಳ್ಳಗೆ.
ಹುಡುಗರು ಎದ್ದು ಕೈ ಕುಲುಕಿದರು.
ಅತಿಥಿಗಳೆಂದು ಅವನು ಹಿತ್ತಲಿಗೆ ಹೋಗಿ
ಮುಖ ತೊಳೆದು ಬಂದ.
ಹುಡುಗರು ಆಲ್ಬಮ್ಮು ಮುಚ್ಚಿದರು.

ಆದರೂ ಮುಳುಗಿ ದೀಕ್ಷೆ ಪಡೆದರು ಎಲ್ಲರೂ.
ಎದಿವಾಲ್ದೊ ಮಾವನಿಗೆ ಹನ್ನೆರಡು ತುಂಬಿದಾಗ
ಓರಗೆಯ ಹುಡುಗರು ರೊಟ್ಟಿಯ ತಟ್ಟೆ ಹಿಡಿದು ಸಾಲು ಸಾಲು ಸುತ್ತಿದರು.
ಅವನು ಬೆಂಚಿನಲ್ಲಿ ಕೂತು
ಚೂರೊಂದನ್ನು ಬಾಯಿಗಿಟ್ಟು ತಟ್ಟೆಯನ್ನು ಪಕ್ಕಕ್ಕೆ ದಾಟಿಸಿದ.
ಹುಟ್ಟುವ ಮೊದಲು ಸ್ವರ್ಗದಲ್ಲಿ ಯುದ್ಧವಾದಾಗ
ನಿಮ್ಮವರು ಹಿಂದೇಟು ಹಾಕಿದ್ದರು, ಅದಕ್ಕೇ, ಎಂದು
ಯಾರೋ ತಾತನಿಗೆ ತಿಳಿಹೇಳಿದರು.
ಇರಬಹುದು, ನನಗೆ ನೆನಪಿಲ್ಲ, ಎಂದ ತಾತ.
ಸಾವೊ ಪೌಲೊದಲ್ಲಿ ದೇಗುಲ ಏಳುವಾಗ
ಶನಿವಾರ ಶನಿವಾರ ಬಸ್ಸು ಹತ್ತಿ ಹೋಗಿ
ತಾನು ಒಳಹೋಗಲಾಗದ ಗೋಡೆಗೆ
ಕಲ್ಲು ಎರಕ ಹೊಯ್ದು ಬಂದ.

ಎಪ್ಪತ್ತೆಂಟರ ಜೂನಿನಲ್ಲಿ ಸುದ್ದಿ ಬಂತು:
ದೇವರು ಮಾತಾಡಿದ್ದಾನೆ, ಇನ್ನು ಎಲ್ಲರಿಗೂ ಎಲ್ಲವೂ ಉಂಟು.
ಮಾವ ಓಡಿಹೋಗಿ ಏಣಿಯ ಕೆಳಗೆ ನಿಂತು ಕೂಗಿದ.
ತಾತ ಆ ವರಸೆ ಮುಗಿಸಿಯೇ ಇಳಿದದ್ದು.
ಗಾರೆ ಒಣಗುತ್ತದಲ್ಲ.

ಅಜ್ಜಿ ಮೊಳೆ ಕಿತ್ತಳು.
ಹತ್ತು ವರ್ಷದ ತೇವಕ್ಕೆ
ಬೆನೆದಿತಾ ಗುಲಾಬಿಯ ಬೆನ್ನಿಗೆ ಅಂಟಿದ್ದಳು.
ಎಳೆದರೆ, ಅರ್ಧ ಮುಖ ಕೈಗೆ ಬಂತು,
ಅರ್ಧ ಹೂವಿನಲ್ಲೇ ಉಳಿಯಿತು.

ಈಗ ಭಾನುವಾರದ ತರಗತಿಯಲ್ಲಿ ಗುರುಗಳು ಹೇಳುತ್ತಾರೆ:
ಚರ್ಮವೆಂದರೆ ಚರ್ಮವಲ್ಲ, ಮನಸ್ಸು.
ಹಿಂದಿನವರು ಮಾತಾಡುತ್ತಿದ್ದ ರೀತಿ ಅದು.
ಒಳ್ಳೆಯ ಮನುಷ್ಯ, ನನ್ನ ಮದುವೆಗೆ ಕುರ್ಚಿ ಹೊತ್ತವರು.
ಹಾಗಾದರೆ ಆ ಬೆರಳು ಆಲ್ಬಮ್ಮಿನಲ್ಲಿ
ಹುಡುಕಿದ್ದು ಯಾರ ಮನಸ್ಸನ್ನು?
ಕೇಳಬೇಕೆಂದು ಬಾಯಿ ತೆರೆದವಳು
ಹಾಡಿನ ಪುಟ ಹುಡುಕಿದೆ.

ತಿದ್ದಿದ್ದು ಒಳ್ಳೆಯದೇ, ಎನ್ನುತ್ತಾಳೆ ಅಜ್ಜಿ,
ಆದರೆ ತಿದ್ದಿದೆವು ಅಂತ ಎಲ್ಲಿ ಬರೆದಿದ್ದಾರೆ?
ಭೂತಗನ್ನಡಿ ಹಿಡಿದು ನನ್ನ ಪ್ರತಿಯ ಅಂಚನ್ನೆಲ್ಲ ತಡಕಿದ್ದಳು.
ಈಗ ಕಣ್ಣಿಗೆ ಪೊರೆ, ಓದುವವಳು ನಾನೇ.
ತನ್ನ ಹಳೆಯದೇ ಬೇಕು ಅವಳಿಗೆ.
ಆ ಸಾಲು ಬಂದಾಗ ನನ್ನ ನಾಲಿಗೆ ಎಡವುತ್ತದೆ,
ಹೊಸ ಪದವನ್ನು ಮೆಲ್ಲಗೆ ಒಳಗೆ ಸೇರಿಸಲು ನೋಡುತ್ತೇನೆ.

ಅಜ್ಜಿ ಮಂಚದಿಂದ ಕೈ ಎತ್ತುತ್ತಾಳೆ:
ಇದ್ದದ್ದನ್ನು ಓದು.