ನೀರಿಗೆ ನಾಲ್ಕು ಮೂಲೆ

"ನೀರಿಗೆ ನಾಲ್ಕು ಮೂಲೆ" ಎಂದು ಬರೆದಿದ್ದಾನೆ ಕೆಸ್ಕಿಲ್.
ಪುಸ್ತಕದ ಪ್ರಕಾರ ದ್ರವಕ್ಕೆ ತನ್ನದೇ ಆಕಾರವಿಲ್ಲ.
ಕೆಂಪು ಪೆನ್ನು ಎತ್ತಿದೆ.

ಕಿಟಕಿಯಾಚೆ ಮೈನಸ್ ನಲವತ್ತೊಂದು.
ಲೇನಾ ನದಿಯಿಂದ ಗರಗಸದಲ್ಲಿ ಕೊಯ್ದು ತಂದ ನೀರು
ಅವನ ಮನೆಯಂಗಳದಲ್ಲಿ ಸೌದೆಯ ಹಾಗೆ ಒಟ್ಟಿದೆ;
ಬೆಳಿಗ್ಗೆ ಒಂದು ತುಂಡು ಒಳಗೆ ತರುವುದು ಅವನ ಪಾಲಿನ ಕೆಲಸ,
ತೂಕ ಅವನ ಹೆಗಲಿಗೆ ಬಾಯಿಪಾಠ.
ಸಂತೆಯಲ್ಲಿ ಅವನಮ್ಮ ಹಾಲು ಮಾರುವುದು
ಬಿಲ್ಲೆ ಲೆಕ್ಕದಲ್ಲಿ, ಗೋಣಿಚೀಲದಿಂದ ತೆಗೆತೆಗೆದು.
ಶಾಲೆಯ ಪಾದರಸದ ಥರ್ಮಾಮೀಟರೋ
ನವೆಂಬರಿನಲ್ಲೇ ಗಟ್ಟಿಯಾಗಿ
ಬಾಯಿ ಮುಚ್ಚಿಕೊಂಡಿದೆ.

"ಸುಳ್ಳಾ ಟೀಚರ್?"
"ಸುಳ್ಳಲ್ಲ ಮರಿ, ಅರ್ಧ ಬರೆದಿದ್ದೀಯ.
ಎಷ್ಟು ಚಳಿಯಲ್ಲಿ ಅಂತ ಸೇರಿಸು."

ಚಹಾ ಕೋಣೆಯ ಒಲೆಯ ಮೇಲೆ, ಡಬರಿಯಲ್ಲಿ
ಒಂದು ತುಂಡು ಇಟ್ಟು ಸುತ್ತ ನಿಂತೆವು.
ಮೂಲೆಗಳು ಮೊದಲು ಹೋದವು.
ಮಿಕ್ಕಿದ್ದು ಮೆಲ್ಲಗೆ ಎದ್ದು
ತನ್ನ ಕರಗಿದ ಮೈಮೇಲೆ ತಾನೇ ತೇಲಿತು.

"ಗಟ್ಟಿಯಾದದ್ದು ಮುಳುಗಬೇಕಲ್ವಾ?" ತುಯಾರಾಳ ಪ್ರಶ್ನೆ.
ಉತ್ತರ ನಾಳೆಗೆ ಇರಲಿ ಎಂದೆ;
ನನಗೂ ಒಂದು ರಾತ್ರಿ ಬೇಕಿತ್ತು.

ಅಷ್ಟರಲ್ಲಿ ಲೋಟ ಅದ್ದಿ ಕುಡಿದವನು ಕೆಸ್ಕಿಲ್,
"ರುಚಿ ಅದೇ" ಎಂದ,
ತುಟಿ ಒರೆಸಿಕೊಂಡು
ಅದನ್ನೂ ಬರೆದ.